ಬಿಳಿ ಬಟ್ಟೆಯ ಮೂಲೆಯ ಸಹಿ

ಗೆಳೆಯರೇ, ಇವತ್ತು ಒಂದು ಸಹಿ ಹಾಕಿ ಬಂದಿದ್ದೇನೆ.

ಕಾರ್ಖಾನೆಯ ಹೊಗೆ ನಿಲ್ಲಲೆಂದು ಕೊಪ್ಪಳದ ಮೈದಾನದಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮವಿತ್ತು. ನನ್ನ ಗಂಡ ಅದೇ ಕಾರ್ಖಾನೆಯ ನೌಕರ. "ನೀ ಅಲ್ಲಿಗೆ ಹೋದ್ರ ನನ್ನ ನೌಕರಿ ಹೊಕ್ಕೈತಿ" ಎಂದು ಹೇಳಿಯೇ ಬೆಳಿಗ್ಗೆ ಡ್ಯೂಟಿಗೆ ಹೋಗಿದ್ದರು. ಹಾಡಿನ ಆಸೆ, ಕದ್ದು ಹೋದೆ. ನೋಡಿದರೆ ಬಾಗಿಲಲ್ಲೇ ಉದ್ದನೆಯ ಬಿಳಿ ಬಟ್ಟೆ. ಅದರ ಮೇಲೆ ಕಾರ್ಖಾನೆಯ ವಿರುದ್ಧ ಸಹಿ ಹಾಕಿದವರಿಗಷ್ಟೇ ಪ್ರವೇಶ!

"ನಾವು ಹಾಡು ಕೇಳಾಕ ಬಂದೀವ್ರಿ, ಜಗಳಾಡಾಕಲ್ಲ" ಎಂದರು ನನ್ನ ಮುಂದಿದ್ದ ಭಾಗ್ಯನಗರದ ಟೇಲರ್ ಮಾಬುಸಾಬರು.

ಹಿಂದಿದ್ದ ಕಾಲೇಜು ಹುಡುಗಿ ಬಿಡಲಿಲ್ಲ. "ಹಾಡೋರಿಗೂ ಉಸಿರು ಬೇಕಲ್ರಿ ಕಾಕಾ. ನಿಮ್ಮ ಮಾಳಿಗಿ ಮ್ಯಾಲ ಬೆರಳು ಆಡಿಸಿ ನೋಡ್ರಿ, ಎಷ್ಟು ಕರ್ರಗಾಗ್ತೈತಿ!"

ಮಾಬುಸಾಬರು ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಒಳಗೆ ತಬಲಾ ಶುರುವಾಗಿತ್ತು. ಯಾರಿಗೂ ಕಾಣದಿರಲೆಂದು ನಾನು ಬಟ್ಟೆಯ ಮೂಲೆ ಹುಡುಕಿದೆ. ಅಲ್ಲಿ ಆಗಲೇ ಒಂದು ಪುಟ್ಟ ಸಹಿ ಇತ್ತು. ಮಗಳ ಅಂಕಪಟ್ಟಿಯ ಮೇಲೆ ವರ್ಷ ವರ್ಷ ನೋಡಿದ ಸಹಿ. ನನ್ನ ಗಂಡನದೇ!

ಅದರ ಪಕ್ಕದಲ್ಲೇ ನನ್ನದೂ ಹಾಕಿ ಒಳಗೆ ಹೋದರೆ, ಅವರು ಕೊನೆಯ ಸಾಲಿನಲ್ಲಿ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದರು. ನನ್ನನ್ನು ಕಂಡು ಬೆವರಿದರು. "ಯಾರ ಮುಂದೂ ಹೇಳಬ್ಯಾಡ ಮಾರಾಯ್ತಿ."

ಅದಕ್ಕೇ ಇದನ್ನು ಸ್ನೇಹಿತರಿಗೆ ಮಾತ್ರ ಕಾಣುವಂತೆ ಹಾಕಿದ್ದೇನೆ. ಹಾಕಿದ ಮೇಲೆ ಹೊಳೆಯಿತು, ನಿಮ್ಮಲ್ಲಿ ಅರ್ಧ ಜನ ಅದೇ ಕಾರ್ಖಾನೆಯವರು. ಓದಿ ಸುಮ್ಮನಿರಿ, ದಯವಿಟ್ಟು ಲೈಕ್ ಒತ್ತಬೇಡಿ. ಅದೂ ಒಂದು ಸಹಿಯೇ.