ಎಳಿ ಹರಿದಾಗಿನ ಕೈಸನ್ನಿ

ಹಿಪ್ಪರಗಿಯ ಬ್ಯಾರೇಜು ಇನ್ನೂ ಕಟ್ಟುತ್ತಿದ್ದ ದಿನಗಳು ಅವು. ಬೇಸಿಗೆಯಲ್ಲಿ ರಬಕವಿಯ ಹತ್ತಿರ ಹೊಳೆ ಮೊಣಕಾಲಿನ ಮಟ್ಟಕ್ಕೆ ಇಳಿದು, ಎಮ್ಮೆಗಳು ನಡೆದೇ ದಾಟುತ್ತಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಕೃಷ್ಣೆ ದಂಡೆಯ ಬೇವಿನ ಮರದ ಬುಡಕ್ಕೆ ಬಂದು ನಿಲ್ಲುತ್ತಿತ್ತು. ನಮಗೆ ಬನಹಟ್ಟಿಯ ಮಕ್ಕಳಿಗೆ ಹೊಳೆ ಎಂದರೆ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ, ಅಷ್ಟೇ. ಈಜು ಯಾರಿಗೂ ಬರುತ್ತಿರಲಿಲ್ಲ. ನಾವು ಮಗ್ಗದ ಶೆಡ್ಡಿನಲ್ಲಿ ಬೆಳೆದವರು.

ನಮ್ಮ ಓಣಿಯಲ್ಲಿ ಬೆಳಗಾಯಿತೆಂದು ಹೇಳಲು ಕೋಳಿ ಬೇಕಿರಲಿಲ್ಲ. ಮಗ್ಗಗಳು ಖಟಾಖಟ್ ಎಂದು ಸುರುವಾದರೆ ಬೆಳಗಾಯಿತು. ಗೋಡೆ ನಡುಗುತ್ತಿತ್ತು, ಅಡುಗೆಮನೆಯ ಮಾಡದಲ್ಲಿಟ್ಟ ಲೋಟಗಳು ತಮ್ಮಷ್ಟಕ್ಕೆ ತಾವೇ ಸರಿಯುತ್ತಿದ್ದವು. ಶೆಡ್ಡಿನ ಒಳಗೆ ಹೋದರೆ ಯಂತ್ರದ ಎಣ್ಣೆ, ನೂಲಿನ ಗಂಜಿ ಮತ್ತು ಬಾಗಿಲ ಬಳಿ ಬಿಚ್ಚಿಟ್ಟ ಬುತ್ತಿಯ ಶೇಂಗಾಚಟ್ನಿ, ಮೂರೂ ಕೂಡಿದ ಒಂದು ವಾಸನೆ. ಅಲ್ಲಿ ಮಾತಾಡಿ ಪ್ರಯೋಜನವಿಲ್ಲ; ಪಕ್ಕದವನ ಕಿವಿಯಲ್ಲಿ ಒದರಿದರೂ ಕೇಳದು. ಆದ್ದರಿಂದ ಎಲ್ಲರೂ ಕೈಯಿಂದ, ಕಣ್ಣಿಂದ ಮಾತಾಡುತ್ತಿದ್ದರು. ಉಣ್ಣಲು ಬಾ, ನೂಲಿನ ಕಂಡಿಕೆ ತಾ, ಮಾಲೀಕ ಬಂದ, ಇವನ ಹೆಂಡತಿ ಸಿಟ್ಟಾಗಿದ್ದಾಳೆ, ಎಲ್ಲಕ್ಕೂ ಸನ್ನೆ ಇತ್ತು. ಕರೆಂಟು ಹೋದಾಗ ಮಾತ್ರ ನಮ್ಮ ಓಣಿಯವರು ಬಾಯಿ ಬಿಡುತ್ತಿದ್ದರು. ಆಗಲೂ ರೂಢಿಗೆ ಬಿದ್ದು ಜಗಳದವರಂತೆ ಒದರುತ್ತಿದ್ದರು.

ಆ ಸನ್ನೆಗಳಲ್ಲಿ ಒಂದಕ್ಕೆ ಮಾತ್ರ ಎಲ್ಲರೂ ಹೆದರುತ್ತಿದ್ದೆವು. ಎಡಗೈಯ ಅಂಗೈ ಮೇಲೆತ್ತಿ, ಬಲಗೈಯ ತೋರುಬೆರಳನ್ನು ಅದರ ಮೇಲೆ ಅಡ್ಡ ಎಳೆಯುವುದು. ಎಳೆ ಹರಿಯಿತು ಎಂದರ್ಥ. ಅದನ್ನು ಕಂಡ ತಕ್ಷಣ ಮಗ್ಗ ನಿಲ್ಲಬೇಕು. ಸುತ್ತ ಇದ್ದ ಹುಡುಗರು ಇದ್ದಲ್ಲಿಯೇ ಕುಕ್ಕರಗಾಲಲ್ಲಿ ಕೂಡಬೇಕು. ನಿಂತರೆ ಬೆಳಕು ತಡೆಯುತ್ತದೆ, ಓಡಿದರೆ ಗಾಳಿಗೆ ಹರಿದ ತುದಿ ಸಾವಿರ ಎಳೆಗಳ ನಡುವೆ ಕಳೆದುಹೋಗುತ್ತದೆ. ಗಂಟು ಬಿದ್ದ ಮೇಲೆ ನೇಕಾರ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ, ಗುಬ್ಬಿ ಬಿಟ್ಟಂತೆ ಅಂಗೈ ಬಿಚ್ಚುತ್ತಿದ್ದ. ಅಲ್ಲಿಯವರೆಗೆ ಮೂಗಿನ ಮೇಲೆ ನೊಣ ಕೂತರೂ ಅಲುಗಾಡುವಂತಿರಲಿಲ್ಲ. ಅಲುಗಾಡಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು.

ನಮ್ಮ ಶೆಡ್ಡಿನಲ್ಲಿ ಈ ಸನ್ನೆಗಳನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವನು ಮಲ್ಲೂ ಕಾಕಾ. ನಮ್ಮ ಅಪ್ಪನ ಪಕ್ಕದ ಮಗ್ಗ ಅವನದು. ಅವನ ಅವ್ವ ಗಂಗವ್ವ ಆಯಿ ಬಾಗಿಲ ಬಳಿ ಕಂಡಿಕೆ ಸುತ್ತುತ್ತಿದ್ದಳು. ಮಲ್ಲೂ ಕಾಕಾ ಎರಡು ಹುಬ್ಬು, ಒಂದು ಕೈಯಲ್ಲಿ ಇಡೀ ಓಣಿಯ ಕಥೆ ಹೇಳಿ ನಗಿಸುತ್ತಿದ್ದ. ಓಣಿಯ ನಾಟಕದಲ್ಲಿ ಪಾರ್ಟು ಮಾಡಿದ, ಆಮೇಲೆ ಒಂದು ನಾಟಕ ಕಂಪನಿ ಸೇರಿದ, ಅಲ್ಲಿಂದ ಬೆಂಗಳೂರಿಗೆ ಹೋದ.

ಬೆಂಗಳೂರಿನವರಿಗೆ ಅವನ ಮುಖ ಹಿಡಿಸಿತು, ನಮ್ಮ ಕಡೆಯ ಮಾತು ಹಿಡಿಸಲಿಲ್ಲ. ಬಾಯಿ ಬಿಟ್ಟರೆ ಜನ ನಗುತ್ತಾರೆ ಎಂದು ಅವನಿಗೆ ಮೂಗನ ಪಾರ್ಟು ಕೊಟ್ಟರು. ಅದೇ ಅವನ ಭಾಗ್ಯವಾಯಿತು. ಯಜಮಾನನ ಮೂಗ ಆಳು, ನಾಯಕಿಯ ಮೂಗ ಅಣ್ಣ. ಬನಹಟ್ಟಿಯ ಟಾಕೀಸಿನಲ್ಲಿ ಅವನು ಪರದೆಯ ಮೇಲೆ ಬಂದು ಕೈ ಆಡಿಸಿದರೆ, ಕೆಳಗೆ ಕೂತ ನೇಕಾರರು ಎದ್ದು ನಿಂತು ತಾವೂ ಸನ್ನೆಯಲ್ಲೇ ಉತ್ತರ ಕೊಡುತ್ತಿದ್ದರು. ಗಂಗವ್ವ ಆಯಿ ಮಾತ್ರ ಮೊದಲ ಸಿನಿಮಾ ನೋಡಿ ಬಂದು ಅಡುಗೆಮನೆಯಲ್ಲಿ ಅತ್ತಳಂತೆ. "ಹತ್ತ ಮಂದಿಗಿ ಮಾತ ಕಲಿಸೂ ಮಗ. ಅವನ್ನ ಮೂಕಬಸಣ್ಣ ಮಾಡಿ ನಿಂದರಿಸ್ಯಾರಲ್ಲ ಬೇ!"

ನಾನು ಆರನೇ ಇಯತ್ತೆಯಲ್ಲಿದ್ದಾಗ ಅವನಿಗೆ ಮೊದಲ ಸಲ ಮಾತಿರುವ ಪಾರ್ಟು ಸಿಕ್ಕಿತು. ಹಳ್ಳಿಯ ಮಾಸ್ತರನ ಪಾರ್ಟು. ಶೂಟಿಂಗಿಗೆ ಹೊಳೆ ಬೇಕು ಎಂದಾಗ ಅವನೇ ನಮ್ಮ ಹೊಳೆಯನ್ನು ತೋರಿಸಿದನಂತೆ. ಸಾಲಿ ಹುಡುಗರು ದೋಣಿಯಲ್ಲಿ ಹೊಳೆ ದಾಟಿ ಬರುತ್ತಾರೆ, ದಂಡೆಯಲ್ಲಿ ಮಾಸ್ತರ ಕಾಯುತ್ತಿರುತ್ತಾನೆ, ಹುಡುಗರು ಅವನಿಗೆ ಕೈ ಬೀಸುತ್ತಾರೆ. ಇಷ್ಟೇ ದೃಶ್ಯ. ಹುಡುಗರು ಎಲ್ಲಿಂದ ಬರಬೇಕು? ನಮ್ಮ ಓಣಿಯಿಂದಲೇ. ದೀಪಾವಳಿಗೆಂದು ಹೊಲಿಸಿದ ಲಂಗ ಹದಿನೈದು ದಿನ ಮೊದಲೇ ಹೊರಬಂದವು. ಅವ್ವ ನನ್ನ ತಮ್ಮ ಬಸೂನ ತಲೆಗೆ ಎಣ್ಣೆ ಸುರಿದು, ಬೈತಲೆ ತೆಗೆದು, ಮುಖಕ್ಕೆ ಪೌಡರು ಬಡಿದು ಕಳಿಸಿದಳು.

"ನಿನ್ನ ಮಾರಿ ನೋಡಿ ಕ್ಯಾಮೆರಾ ಒಡದ್ರ ಏನ ಮಾಡ್ತೀಲೇ?" ಎಂದು ಮಲ್ಲೂ ಕಾಕಾ ಅವನ ಗಲ್ಲ ಹಿಂಡಿದ.

"ನಿನ್ನ ಮಾರಿಗೇ ಒಡದಿಲ್ಲಂದ್ರ ನನಗೇನಾಕ್ಕೈತಿ?" ಎಂದ ಬಸೂ. ಆಗ ಅವನಿಗೆ ಆರೇಳು ವರ್ಷ.

ದಂಡೆಯಲ್ಲಿ ಚುರಮುರಿ, ಮಿರ್ಚಿ ಭಜಿ ಹಂಚಿದರು. ಆ ಮಿರ್ಚಿಯ ಘಾಟು, ಜನರೇಟರಿನ ಹೊಗೆ, ತೊಯ್ದ ಮಣ್ಣು. ಈಗಲೂ ಎಲ್ಲಿಯಾದರೂ ಜನರೇಟರಿನ ವಾಸನೆ ಬಂದರೆ ನನ್ನ ಅಂಗಾಲು ತಣ್ಣಗಾಗುತ್ತದೆ.

ದೋಣಿ ಅಂಬಿಗರ ಹಣಮಪ್ಪ ಮುತ್ಯಾನದು. ಮುತ್ಯಾ ಹೊಳೆಯ ಕಡೆ ನೋಡಿ ತಲೆ ಆಡಿಸಿದ. "ಮ್ಯಾಲಿನ ಡ್ಯಾಮಿನ್ಯಾಗಿಂದ ನೀರ ಬಿಟ್ಟಾರ. ಸೆಳವ ಐತಿ. ಇವತ್ತ ಬ್ಯಾಡ್ರಿ ಸಾಹೇಬ್ರ." ಡೈರೆಕ್ಟರು ಒಳ್ಳೆಯ ಮನುಷ್ಯ, ಆದರೆ ಬಿಸಿಲು ಇಳಿಯುವ ಮೊದಲು ಕೆಲಸ ಮುಗಿಯಬೇಕಿತ್ತು. "ದಂಡೆ ಪಕ್ಕದಲ್ಲೇ ಬನ್ನಿ ಯಜಮಾನ್ರೇ, ದೂರ ಹೋಗ್ಬೇಡಿ," ಎಂದರು. ನಮಗೆ ಒಂದೇ ಮಾತು ಹೇಳಿದರು: "ಹತ್ರ ಬಂದ ತಕ್ಷಣ ಎಲ್ರೂ ಎದ್ದು ನಿಂತು ಕೈ ಬೀಸ್ಬೇಕು. ಚೆನ್ನಾಗಿ ಬೀಸ್ಬೇಕು, ಆಯ್ತಾ?"

ನಾವು ಆತು ಎಂದೆವು.

ಮೇಲಿನ ಕಡೆಯಿಂದ ದೋಣಿ ಬಿಟ್ಟಾಗ ಎಲ್ಲ ಸರಿಯಾಗಿಯೇ ಇತ್ತು. ಮುತ್ಯಾ ಬಿದಿರಿನ ಗಳ ಊರುತ್ತಿದ್ದ. ಒಂದು ಕಡೆ ಗಳ ಕೆಸರಿನಲ್ಲಿ ಸಿಕ್ಕಿತು; ಎಳೆಯುವಷ್ಟರಲ್ಲಿ ಸೆಳವು ದೋಣಿಯನ್ನು ಮುಂದಕ್ಕೆ ಒಯ್ದಿತು, ಗಳ ಹಿಂದೆಯೇ ಉಳಿಯಿತು. ದೋಣಿ ಅಡ್ಡ ತಿರುಗಿ ದಂಡೆಯಿಂದ ಸರಿಯತೊಡಗಿತು. ನಮಗೇನೂ ಗೊತ್ತಾಗಲಿಲ್ಲ. ನಮಗೆ ಕಂಡದ್ದು ದಂಡೆಯಲ್ಲಿ ನಿಂತ ಮಲ್ಲೂ ಕಾಕಾ, ಬಿಳಿ ಧೋತರ, ಕರಿ ಕೋಟು. ನಾವೆಲ್ಲ ಅವನ ಕಡೆಯ ಅಂಚಿಗೆ ಬಂದು ನಿಂತು ಕೈ ಬೀಸಿದೆವು, ಹೇಳಿದ ಹಾಗೆ, ಚೆನ್ನಾಗಿ.

ದೋಣಿ ಆ ಕಡೆಗೆ ವಾಲಿತು. ಅಂಚಿನ ಮೇಲಿಂದ ನೀರು ಒಳಗೆ ಬಂದು ನನ್ನ ಪಾದ ತೋಯಿಸಿತು. ಹಿಂದಿನಿಂದ ಮುತ್ಯಾ ಏನೋ ಒದರಿದ. ನೀರಿನ ಸಪ್ಪಳಕ್ಕೆ ಕೇಳಲಿಲ್ಲ. ದಂಡೆಯಲ್ಲಿ ಸಿನಿಮಾದವರೆಲ್ಲ ಎರಡೂ ಕೈ ಮೇಲೆತ್ತಿ ಕೆಳಗಿಳಿಸಿ, ಕೂಡ್ರಿ ಕೂಡ್ರಿ ಎಂದು ಬೀಸುತ್ತಿದ್ದರು. ಜನರೇಟರಿನ ಗದ್ದಲದಲ್ಲಿ ಅವರ ಬಾಯಿಯ ಮಾತು ಬರಲಿಲ್ಲ, ಕೈ ಮಾತ್ರ ಕಂಡಿತು. ಇನ್ನೂ ಜೋರಾಗಿ ಬೀಸಿ ಅನ್ನುತ್ತಿದ್ದಾರೆ ಎಂದುಕೊಂಡು ನಾವು ಇನ್ನೂ ಜೋರಾಗಿ ಬೀಸಿದೆವು. ಬಸೂ ಜಿಗಿಯತೊಡಗಿದ. ಅಂಚು ಮತ್ತೊಮ್ಮೆ ನೀರು ಕುಡಿಯಿತು. ಈ ಸಲ ಪಾದವಲ್ಲ, ಮೀನಖಂಡದವರೆಗೆ. ಆಗ ನನಗೆ ತಿಳಿಯಿತು. ತಿಳಿದರೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

ಮಲ್ಲೂ ಕಾಕಾ ನೀರಿಗೆ ಇಳಿದ. ಎದೆಮಟ್ಟ ಬರುವವರೆಗೆ ನಡೆದ. ಕೋಟಿನ ತುದಿ ಅವನ ಹಿಂದೆ ತೇಲುತ್ತಿತ್ತು. ಅಲ್ಲಿ ನಿಂತು ಎಡಗೈ ಮೇಲೆತ್ತಿದ. ಅಂಗೈ ಬಿಸಿಲಿಗೆ ಬಿಳಿ ಕಂಡಿತು. ಬಲಗೈಯ ತೋರುಬೆರಳನ್ನು ಅದರ ಮೇಲೆ ಅಡ್ಡ ಎಳೆದ.

ಎಳಿ ಹರೀತು.

ನಾವು ಕೂತೆವು. ಯೋಚಿಸಿ ಕೂತದ್ದಲ್ಲ, ಬೆನ್ನಿನ ಮೂಳೆಯೇ ಕೂತಿತು. ಜಿಗಿಯುತ್ತಿದ್ದ ಬಸೂ ಗಾಳಿಯಿಂದ ಇಳಿದವನು ನೇರ ಕುಕ್ಕರಗಾಲಿಗೆ ಇಳಿದ. ಒಬ್ಬರೂ ಅಳಲಿಲ್ಲ, ಅಲುಗಾಡಲಿಲ್ಲ. ಭಾರ ಕೆಳಗೆ ಬಂದೊಡನೆ ದೋಣಿ ಒಮ್ಮೆ ತೂಗಾಡಿ ನಿಂತಿತು. ಮುತ್ಯಾ ಒಬ್ಬೊಬ್ಬರನ್ನೇ ಮೂಟೆಯಂತೆ ಎತ್ತಿ ಆಚೆ ಅಂಚಿಗೆ ಕೂಡಿಸಿದ. ಎತ್ತಿದರೂ ನಾವು ಕೂತ ಭಂಗಿಯಲ್ಲೇ ಇದ್ದೆವು. ಅಷ್ಟೂ ಹೊತ್ತು ಕಾಕಾನ ಕೈ ಇಳಿಯಲಿಲ್ಲ. ಕೆಳಗಡೆ ದಂಡೆಯ ಮೀನುಗಾರರು ಹಗ್ಗ ಎಸೆದು ದೋಣಿಯನ್ನು ಎಳೆದುಕೊಂಡರು.

ದಂಡೆಗೆ ಬಂದಮೇಲೆ ಎಲ್ಲರೂ ಇಳಿದರು, ಅಳು ಆಗ ಸುರುವಾಯಿತು. ಬಸೂ ಮಾತ್ರ ದೋಣಿಯೊಳಗೆ ನೀರಿನಲ್ಲಿ ಕುಕ್ಕರಗಾಲಲ್ಲೇ ಕೂತಿದ್ದ. ಎತ್ತಲು ಹೋದವರ ಕೈ ಕೊಡವಿದ. ಅವನ ಕಣ್ಣು ಮಲ್ಲೂ ಕಾಕಾನನ್ನೇ ಹುಡುಕುತ್ತಿದ್ದವು. ಕಾಕಾ ತೊಯ್ದ ಬಟ್ಟೆಯಲ್ಲೇ ಬಂದು ಅವನೆದುರು ಕೂತ. ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ, ಅಂಗೈ ಬಿಚ್ಚಿದ. ಗಂಟು ಬಿತ್ತು. ಆಗ ಬಸೂ ಎದ್ದು ಅವನ ಕೊರಳಿಗೆ ಬಿದ್ದ.

"ನಿನಗ ಈಸ ಬರೂದಿಲ್ಲಲ್ಲೋ ಮಲ್ಲ್ಯಾ, ಹೆಂಗ ಇಳದಿ?" ಎಂದ ಮುತ್ಯಾ.

"ಈಗ ನೆನಪಾತ ನೋಡ ಮುತ್ಯಾ," ಎಂದು ಕಾಕಾ ನಕ್ಕ. ನಗುತ್ತಲೇ ಆಚೆ ಹೋಗಿ ವಾಂತಿ ಮಾಡಿಕೊಂಡ.

ಡೈರೆಕ್ಟರು ಕೂಡ ಅಳುತ್ತಿದ್ದರು. ಸಂಜೆ ಎಲ್ಲರೂ ಚಹಾ ಕುಡಿಯುವಾಗ ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮಲ್ಲಣ್ಣ, ಆ ಕೈಸನ್ನೆ... ಅದನ್ನ ಕ್ಯಾಮೆರಾ ಮುಂದೆ ಒಂದ್ಸಲ ಮಾಡ್ತೀರಾ? ಇಡೀ ಸಿನಿಮಾ ಅದರ ಮೇಲೆ ನಿಲ್ಲುತ್ತೆ."

"ಅದಷ್ಟ ಬ್ಯಾಡ್ರಿ ಸರ್," ಎಂದ ಕಾಕಾ. "ನಾಳೆ ಈ ಹುಡುಗೂರು ಟಾಕೀಸಿನ್ಯಾಗ ನೋಡ್ತಾವ. ಆಟಕ್ಕ ಮಾಡಿದ್ದು ಅಂತ ಒಮ್ಮೆ ಗೊತ್ತಾತಂದ್ರ, ಮತ್ತ ಖರೆ ಹೊತ್ತಿಗಿ ಕೂಡೂದಿಲ್ಲರಿ."

ಹೊಳೆಯ ದೃಶ್ಯವನ್ನೇ ಕೈಬಿಟ್ಟರು. ಆ ಸಿನಿಮಾ ಓಡಿತು, ಅವನ ಮಾತನ್ನು ಜನ ಮೆಚ್ಚಿದರು. ಮೂಗನ ಪಾರ್ಟು ನಿಂತವು. ಹಬ್ಬಕ್ಕೆ ಊರಿಗೆ ಬಂದರೆ ಶೆಡ್ಡಿಗೆ ಬಂದು ಹಳೆಯ ಮಗ್ಗದ ಮುಂದೆ ಅರ್ಧ ಗಂಟೆ ನಿಲ್ಲುತ್ತಿದ್ದ. ಬಸೂನನ್ನು ಕಂಡರೆ ದೂರದಿಂದಲೇ ಅಂಗೈ ಬಿಚ್ಚುತ್ತಿದ್ದ.

ನಾನು ಜಮಖಂಡಿಯಲ್ಲಿ ಕಾಲೇಜು ಓದುವಾಗ ಸುದ್ದಿ ಬಂತು. ಮಲ್ಲೂ ಕಾಕಾನಿಗೆ ಕಾಮಣಿಯಾಗಿತ್ತಂತೆ. ಕಣ್ಣು ಹಳದಿಯಾದದ್ದನ್ನು ಬಣ್ಣದಡಿ ಮುಚ್ಚಲು ಬರದೆ ಕರಿ ಕನ್ನಡಕ ಹಾಕಿಕೊಂಡು ಶೂಟಿಂಗ್ ಮುಗಿಸಿದನಂತೆ. ಇದು ಒಂದು ಮುಗಿಯಲಿ, ಆಮೇಲೆ ಮಲಗುತ್ತೇನೆ ಎಂದಿದ್ದನಂತೆ. ಮಲಗಿದವನು ಏಳಲಿಲ್ಲ. ನಲವತ್ತು ಇನ್ನೂ ಆಗಿರಲಿಲ್ಲ.

ಅವನನ್ನು ಬನಹಟ್ಟಿಗೆ ತಂದ ದಿನ ಓಣಿಯ ಮಗ್ಗಗಳೆಲ್ಲ ನಿಂತವು. ಯಾರೂ ನಿಲ್ಲಿಸಿ ಎನ್ನಲಿಲ್ಲ. ಮಣ್ಣಾದ ಮಾರನೇ ದಿನವೂ ಸುರುವಾಗಲಿಲ್ಲ. ಅದರ ಮಾರನೇ ದಿನವೂ ಇಲ್ಲ. ನೇಯ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ ಎನ್ನುವ ಜನ. ಆದರೂ ಮೊದಲು ಹಿಡಿಕೆ ಎಳೆಯುವವನಾಗಲು ಯಾರಿಗೂ ಮನಸ್ಸಿರಲಿಲ್ಲ. ಎಲ್ಲರೂ ಶೆಡ್ಡಿನ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಆ ಸದ್ದಿಲ್ಲದ ಓಣಿಯಲ್ಲಿ ಮೊದಲ ಸಲ ನನಗೆ ಗುಬ್ಬಿಗಳ ದನಿ ಕೇಳಿಸಿತು.

ಗಂಗವ್ವ ಆಯಿ ತನ್ನ ಬಾಗಿಲಿಗೆ ಬಂದಳು. ಎಲ್ಲರನ್ನೂ ಒಮ್ಮೆ ನೋಡಿದಳು. ಓಣಿ ಅಷ್ಟು ಶಾಂತವಾಗಿತ್ತೆಂದರೆ ಪಿಸುಗುಟ್ಟಿದರೂ ಕೇಳುತ್ತಿತ್ತು. ಅವಳು ಮಾತಾಡಲಿಲ್ಲ. ಬಲಗೈ ಎತ್ತಿ, ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ, ಅಂಗೈ ಬಿಚ್ಚಿದಳು.

ಯಾರೋ ಎದ್ದರು. ಒಂದು ಮಗ್ಗ ಸುರುವಾಯಿತು, ಆಮೇಲೆ ಇನ್ನೊಂದು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಅತ್ತರೂ ಹೊರಗೆ ಕೇಳದಷ್ಟು ಸಪ್ಪಳ ಆಗ ಓಣಿಯಲ್ಲಿತ್ತು.

ಈಗ ನಾನು ಮುಧೋಳದಲ್ಲಿದ್ದೇನೆ. ಊರಿಗೆ ಹೋದರೆ ಎಷ್ಟೋ ಶೆಡ್ಡುಗಳಿಗೆ ಬೀಗ. ಉಳಿದವುಗಳಲ್ಲಿ ಕೆಲವರು ಹೊಸ ಮಗ್ಗ ತಂದಿದ್ದಾರೆ; ಎಳೆ ಹರಿದರೆ ಅದು ತಾನೇ ನಿಲ್ಲುತ್ತದೆ. ಕೈ ಎತ್ತುವ ಕೆಲಸವಿಲ್ಲ. ಓಣಿಯ ಮಕ್ಕಳಿಗೆ ಆ ಸನ್ನೆ ಮಾಡಿ ತೋರಿಸಿದರೆ, "ಏನರಿ ಅಕ್ಕಾರ, ಸೊಳ್ಳಿ ಹೊಡದ್ರೇನು?" ಎಂದು ನಕ್ಕರು. ಮಲ್ಲೂ ಕಾಕಾನ ಸಿನಿಮಾ ಈಗಲೂ ಟೀವಿಯಲ್ಲಿ ಬರುತ್ತವೆ. ನನ್ನ ಮಗಳು ನೋಡಿ, "ಪಾಪ, ಅವರು ಖರೇನ ಮೂಗರಾಗಿದ್ರೇನವ್ವಾ?" ಎಂದು ಕೇಳುತ್ತಾಳೆ.

ಹೊಳೆ ತುಂಬಿದ ಸುದ್ದಿ ಬಂದ ದಿನಗಳಲ್ಲಿ ಆ ದೋಣಿ ಕನಸಿನಲ್ಲಿ ಮತ್ತೆ ಬರುತ್ತದೆ. ಪಾದಕ್ಕೆ ನೀರು ತಾಗುತ್ತದೆ, ಬಸೂ ಜಿಗಿಯುತ್ತಾನೆ, ನನ್ನ ಬಾಯಲ್ಲಿ ದನಿ ಇಲ್ಲ. ನಾನು ದಂಡೆಯ ಕಡೆ ನೋಡುತ್ತೇನೆ. ಮೊದಲೆಲ್ಲ ಅವನು ಪ್ರತಿಸಲವೂ ಕೈ ಎತ್ತುತ್ತಿದ್ದ. ಈಚೆಗೆ ಕೆಲವು ಸಲ ದಂಡೆಯಲ್ಲಿ ಬೇರೆ ಎಲ್ಲರೂ ಇರುತ್ತಾರೆ, ಎಲ್ಲರೂ ಕೈ ಬೀಸುತ್ತಿರುತ್ತಾರೆ, ಅವನು ಮಾತ್ರ ಇರುವುದಿಲ್ಲ. ಆಗ ನಾನು ಎಚ್ಚರಾಗಿ ಬಸೂಗೆ ಫೋನು ಹಚ್ಚುತ್ತೇನೆ. ಏನು ಅಕ್ಕಾ ಎಂದು ಅವನು ಕೇಳುವುದಿಲ್ಲ. ಅವನ ಊರಲ್ಲೂ ಮಳೆ ಸುದ್ದಿ ಬಂದಿರುತ್ತದೆ.

"ಗಂಟ ಬಿದ್ದೈತಿ, ಏಳ ಅಕ್ಕಾ," ಎನ್ನುತ್ತಾನೆ.