ಅತ್ತೆಯ ರುವಾಂಡಾ ಮುಯ್ಯಾಳು

ಪಾಸ್‌ಪೋರ್ಟಿಗೆಂದು ಅತ್ತೆಯ ಫೋಟೊ ತೆಗೆಸಲು ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಹೋಗಿದ್ದೆವು. ಸ್ಟುಡಿಯೊದವನು, ಯಾವ ದೇಶಕ್ಕಮ್ಮ, ಮಗಳ ಬಾಣಂತನಕ್ಕಾ ಎಂದು ಕೇಳಿದ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ, "ಇಲ್ಲಪ್ಪ, ಮುಯ್ಯಾಳಿಗೆ ಹೋಗ್ತಿದೀನಿ" ಅಂದರು. ಅವನು ನಕ್ಕುಬಿಟ್ಟ. ಅತ್ತೆ ನಗಲಿಲ್ಲ.

ನಮ್ಮತ್ತೆ ಮುನಿಗಂಗಮ್ಮ ರೇಷ್ಮೆ ಹುಳು ಸಾಕುವವರು. ಮಾವ ಪಾಪಯ್ಯನವರು ತೀರಿಕೊಂಡಾಗ ನಮ್ಮ ಯಜಮಾನರು ಮುನೀಂದ್ರ ಇನ್ನೂ ತೊಟ್ಟಿಲಲ್ಲಿದ್ದರಂತೆ. ಕೂಲಿಯವರನ್ನು ಕರೆಯುವ ಶಕ್ತಿ ಇರಲಿಲ್ಲ. ಆಗ ಕೈ ಹಿಡಿದದ್ದು ಮುಯ್ಯಾಳು. ಇವತ್ತು ನೀನು ನನ್ನ ಮನೆಗೆ ಬಂದು ದುಡಿದರೆ ನಾಳೆ ನಾನು ನಿನ್ನ ಮನೆಗೆ ಬಂದು ದುಡಿಯಬೇಕು. ಅದನ್ನು ದುಡ್ಡಿನಲ್ಲಿ ತೀರಿಸುವಂತಿಲ್ಲ, ಆಳಿಗೆ ಆಳೇ ಹೋಗಬೇಕು. ಕೂಸನ್ನು ಬೇರೆಯವರ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಲಗಿಸಿ, ಮೈಯಲ್ಲಿ ಜ್ವರ ಇಟ್ಟುಕೊಂಡು ಹೋಗಿ ಮುಯ್ಯಿ ತೀರಿಸಿದವರು ಅತ್ತೆ. ಒಂದನ್ನೂ ಉಳಿಸಿಕೊಂಡವರಲ್ಲ ಎಂದು ಪಕ್ಕದ ಮನೆ ನರಸಮ್ಮ ಈಗಲೂ ಹೇಳುತ್ತಾರೆ.

ಕಳೆದ ಬೇಸಿಗೆಯಲ್ಲಿ, ನಮ್ಮ ದೇಶಕ್ಕೂ ರುವಾಂಡಾಕ್ಕೂ ಆದ ಯಾವುದೋ ಒಪ್ಪಂದದಂತೆ ಅಲ್ಲಿಯ ಕೆಲವು ರೈತರು ರೇಷ್ಮೆ ಕೆಲಸ ಕಲಿಯಲು ಈ ಕಡೆ ಬಂದಿದ್ದರು. ರೇಷ್ಮೆ ಇಲಾಖೆಯ ಸಿದ್ದರಾಜು ಸಾರ್ ಅವರನ್ನು ನಮ್ಮ ಹುಳು ಮನೆ ತೋರಿಸಲು ಕರೆತಂದರು. ಅದೇ ದಿನ, ಬಿಸಿಲ ಝಳಕ್ಕೋ ಏನೋ, ಹುಳುಗಳೆಲ್ಲ ಒಟ್ಟಿಗೇ ಹಣ್ಣಾಗಿಬಿಟ್ಟಿದ್ದವು. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಒಂದೊಂದನ್ನೂ ಕೈಯಲ್ಲಿ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಬಿಟ್ಟು ಬೆಳೆ ಹಾಳು. ಮುಯ್ಯಾಳಿಗೆ ಬರಬೇಕಾದ ಅರ್ಧ ಊರು ಸಮೇತನಹಳ್ಳಿಗೆ ಮದುವೆಗೆ ಹೋಗಿತ್ತು. ಇದ್ದದ್ದು ಅತ್ತೆ, ಕಂಕುಳಲ್ಲಿ ಮಗು ಎತ್ತಿಕೊಂಡ ನಾನು.

ಬಂದವರಲ್ಲಿ ಜೋಸೆಲೀನ್ ಎಂಬಾಕೆ ಒಮ್ಮೆ ಹುಳುಗಳನ್ನು, ಒಮ್ಮೆ ನಮ್ಮನ್ನು ನೋಡಿದಳು. ಯಾರೂ ಹೇಳದೆಯೇ ಹೊರಗೆ ಹೋಗಿ ಕೈಕಾಲು ತೊಳೆದು ಬಂದು ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಪ್ರೋಗ್ರಾಮಿನಲ್ಲಿ ಇದಿಲ್ಲ ಎಂದು ಸಿದ್ದರಾಜು ಸಾರ್ ಎಷ್ಟು ಹೇಳಿದರೂ ಏಳಲಿಲ್ಲ. ಉಳಿದವರನ್ನು ಬಸ್ಸಿನಲ್ಲಿ ಮುಂದಿನ ಊರಿಗೆ ಕರೆದೊಯ್ದರು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಚಂದ್ರಿಕೆ ತುಂಬಿತು.

ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ನನಗೆ ಬರುವ ಇಂಗ್ಲಿಷಿನಲ್ಲಿ ಮುಯ್ಯಾಳು ಅಂದರೇನು ಎಂದು ಅವಳಿಗೆ ವಿವರಿಸಿದೆ. ಮುರಿಯುತ್ತಿದ್ದ ಮುದ್ದೆಯನ್ನು ಹಾಗೇ ಬಿಟ್ಟು ಅವಳು, ನಮ್ಮಲ್ಲಿ ಇದಕ್ಕೆ ಉಬುದೇಹೆ ಅನ್ನುತ್ತೇವೆ ಎಂದಳು. ಅಕ್ಕಪಕ್ಕದವರೆಲ್ಲ ಸೇರಿ ಒಬ್ಬರ ಹೊಲ ಅಗೆಯುತ್ತಾರೆ, ಆಮೇಲೆ ಇನ್ನೊಬ್ಬರದು. ಅವಳ ಅಜ್ಜಿಯ ಕಾಲದಿಂದಲೂ ಹಾಗೇ. ಅಲ್ಲಿಯವರೆಗೆ ನಾನು ಮುಯ್ಯಾಳು ನಮ್ಮ ಸುತ್ತಿನ ನಾಲ್ಕು ಹಳ್ಳಿಯ ಪದ್ಧತಿ ಅಂದುಕೊಂಡಿದ್ದೆ. ದೇಶದೇಶಗಳ ನಡುವಿನ ಆರ್ಥಿಕ ಸಹಕಾರ ಎಂದು ಬಿ.ಕಾಂ.ನಲ್ಲಿ ಉರುಹೊಡೆದಿದ್ದ ಪಾಠ ನಮ್ಮ ನಡುಮನೆಯಲ್ಲಿ ಕೂತು ಸೊರ್ರೆಂದು ಸಾರು ಹೀರುತ್ತಿತ್ತು.

ಮಾರನೇ ದಿನ ಜೋಸೆಲೀನಳನ್ನು ಕರೆದೊಯ್ಯಲು ಬಂದ ಸಿದ್ದರಾಜು ಸಾರನ್ನು ಅತ್ತೆ ಕೇಳಿದರು, "ಈ ಹುಡುಗಿ ಮನೇಲಿ ಹುಳು ಯಾವಾಗ ಹಣ್ಣಾಗುತ್ತೆ ಸಾರ್? ನಾನು ಹೋಗ್ಬೇಕಲ್ಲ."

"ಅಮ್ಮ, ಅದು ಆಫ್ರಿಕಾ."

"ಆಫ್ರಿಕಾ ಆದ್ರೆ ಹುಳು ಹಣ್ಣಾಗಲ್ವಾ?"

ಎಲ್ಲರೂ ನಕ್ಕೆವು, ನಾನೂ. ಮುಂದಿನ ಬೆಳೆ ಬಂದಾಗ ನಗು ನಿಂತಿತು. ಅತ್ತೆ ಊರಿನಲ್ಲಿ ಯಾರನ್ನೂ ಮುಯ್ಯಾಳಿಗೆ ಕರೆಯಲಿಲ್ಲ. ಒಂದು ಮುಯ್ಯಿ ತಲೆ ಮೇಲೆ ಇಟ್ಟುಕೊಂಡು ಇನ್ನೊಬ್ಬರ ಬಾಗಿಲಿಗೆ ಯಾವ ಮುಖ ಹೊತ್ತು ಹೋಗಲಿ ಅಂದರು. ಒಬ್ಬರೇ ಹುಳು ಆರಿಸಿದರು, ಸೊಂಟ ಹಿಡಿದುಕೊಂಡಿತು, ಕಾಲು ಭಾಗ ಗೂಡು ಕೆಟ್ಟುಹೋಯಿತು. ಆಮೇಲಿನ ಬೆಳೆಗೂ ಹೀಗೇ ಮಾಡಿದ್ದರೆ ಹುಳು ಮನೆಗೆ ಬೀಗ ಹಾಕಬೇಕಾಗುತ್ತಿತ್ತು.

ನಮ್ಮ ಯಜಮಾನರಿಗೆ ಸಿಟ್ಟು. ಅವರು ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ ಮಾಡುವವರು, ಯಾವ ದೇಶದಿಂದ ಏನು ಬರುತ್ತದೆ, ಏನು ಹೋಗುತ್ತದೆ ಎಂದು ದಿನಾ ಕಾಣುವವರು. ಚೀನಾದ ನೂಲು ಬಂದರೆ ಸಾಕು ನಮ್ಮ ಗೂಡಿನ ರೇಟು ಬೀಳುತ್ತೆ, ಇನ್ನು ಈ ರುವಾಂಡಾದವರಿಗೂ ನಾವೇ ಕಲಿಸಿ ನಾಳೆ ಅವರ ನೂಲೂ ನಮ್ಮ ತಲೆ ಮೇಲೆ ಬರಲಿ ಎಂದು ಊಟದ ಮುಂದೆ ವಾದ ಮಾಡಿದರು.

ಅತ್ತೆ ಸಾರು ಬಡಿಸುತ್ತಲೇ ಅಂದರು, "ಬಂದ್ರೆ ಬರ್ಲಿ, ಸರ್ಕಾರ ಸುಂಕ ಹಾಕ್ಕೊಳ್ಳುತ್ತೆ. ಮಾರ್ಕೆಟ್ ಬೇರೆ, ಮುಯ್ಯಿ ಬೇರೆ ಕಣೋ."

ಹೀಗಿರುವಾಗ ಸಿದ್ದರಾಜು ಸಾರ್ ಒಂದು ಸುದ್ದಿ ತಂದರು. ಅದೇ ಒಪ್ಪಂದದ ಎರಡನೇ ಭಾಗದಲ್ಲಿ ಇಲ್ಲಿಯ ಕೆಲವು ರೈತರು ಅಲ್ಲಿಗೆ ಹೋಗಿ ಕೆಲಸ ತೋರಿಸಿಕೊಡಬೇಕಂತೆ. ಮೇಲಿನವರು ಇಂಗ್ಲಿಷ್ ಬಲ್ಲವರನ್ನು ಹುಡುಕುತ್ತಿದ್ದರೂ ಜೋಸೆಲೀನಳ ಊರಿನ ಮಹಿಳಾ ಸಂಘದವರು ಅತ್ತೆಯ ಹೆಸರು ಹಿಡಿದೇ ಕೇಳಿದ್ದಾರಂತೆ. ಅತ್ತೆ ಬೇರೇನೂ ವಿಚಾರಿಸಲಿಲ್ಲ, ಹುಳು ಇರೋ ಕಾಲಕ್ಕೇ ಕಳಿಸ್ತೀರಾ ಅಂತ ಮಾತ್ರ ಕೇಳಿದರು.

ನನಗೆ ಬೇರೆ ಚಿಂತೆ. ನಾನು ದೇವನಹಳ್ಳಿಗೆ ಕೆಲಸಕ್ಕೆ ಹೋದರೆ ಮಗಳು ಅಕ್ಷತ ಇರುವುದು ಅತ್ತೆಯ ಹತ್ತಿರವೇ. ಅಜ್ಜಿ ಕಲಸಿದ ಅನ್ನ ಬಿಟ್ಟು ಬೇರೆ ಕೈಯಿಂದ ಉಣ್ಣುವುದಿಲ್ಲ. ನರಸಮ್ಮ ತಾವಾಗಿಯೇ ಬಂದು ಮಗುವನ್ನು ಎತ್ತಿಕೊಂಡರು. "ನೀನು ಹೋಗಿ ಬಾರೇ ಮುನಿಗಂಗಿ, ಕೂಸು ನನ್ನ ಹತ್ರ ಇರ್ಲಿ. ಬಂದ್ಮೇಲೆ ನನ್ನ ಹುಳುಗೆ ದುಡಿಸ್ಕೊಂಡೇ ಬಿಡ್ತೀನಿ, ಸುಮ್ನೆ ಅಂದ್ಕೋಬೇಡ."

ನಮ್ಮ ತೋಟದ ಮೇಲೆ ದಿನವಿಡೀ ವಿಮಾನಗಳು ಇಳಿಯುತ್ತಾ ಏರುತ್ತಾ ಇರುತ್ತವೆ. ಸೊಪ್ಪು ಕೊಯ್ಯುವಾಗ ಅತ್ತೆ ಒಮ್ಮೆಯೂ ತಲೆಯೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಅವರು ಹೋದ ದಿನ ನಾನು ಅದೇ ಸಾಲುಗಳ ನಡುವೆ ನಿಂತು ಕತ್ತು ನೋಯುವವರೆಗೂ ಮೇಲೆ ನೋಡಿದೆ. ಬಸ್ಸು ಹತ್ತಿ ಸಂತೆಗೆ ಹೋಗಿ ಬರುತ್ತಿದ್ದ ಹೆಂಗಸು, ರಾಗಿ ಹಿಟ್ಟಿನ ಗಂಟು ಇಟ್ಟುಕೊಂಡು ಸಮುದ್ರ ದಾಟಿ ಹೋಗುತ್ತಿದ್ದರು, ಒಂದು ದಿನದ ದುಡಿಮೆ ತೀರಿಸಲು. ಎರಡು ಸರ್ಕಾರಗಳು ಸಹಿ ಹಾಕಿದ್ದು ಇದಕ್ಕೇ ಏನೋ ಅನ್ನಿಸಿಬಿಟ್ಟಿತು.

ವಾಪಸು ಬರುವುದಕ್ಕೆ ಎರಡು ದಿನ ಮುಂಚೆ ಅತ್ತೆಯ ಫೋನು. ದನಿ ಇಳಿದಿತ್ತು.

"ಬಂದಿದ್ದು ದಂಡ ಆಯ್ತು ಕಣವ್ವ. ಇಲ್ಲಿ ಥಂಡಿ, ಹುಳು ಇನ್ನೂ ಸಣ್ಣವು. ನಾನು ಹೊರಟ ಮೇಲೇ ಹಣ್ಣಾಗೋದು. ಇವ್ರು ನೋಡಿದ್ರೆ ನನ್ನನ್ನ ಕುರ್ಚಿ ಮೇಲೆ ಕೂರಿಸಿ ಮಾತಾಡಿ ಅಂತಾರೆ. ಕೈಗೆ ಒಂದು ಕೆಲಸ ಕೊಡಲ್ಲ."

ಇಲಾಖೆಯವರು ದಿನ ಗೊತ್ತುಮಾಡಿದ್ದರು. ಹುಳುಗಳನ್ನು ಯಾರೂ ಕೇಳಿರಲಿಲ್ಲ. ಜೋಸೆಲೀನ್ ಹೇಳಿದ್ದ ಉಬುದೇಹೆ ನೆನಪಾಯಿತು. ಅಂದೆ, "ಮುಯ್ಯಾಳಿಗೆ ಹುಳೂನೇ ಆಗ್ಬೇಕಾ ಅತ್ತೆ? ಅವಳಿಗೆ ಹೊಲ ಇಲ್ವಾ? ಗುದ್ದಲಿ ಕೇಳಿ."

ಅತ್ತೆ ಫಟ್ಟನೆ ಫೋನು ಇಟ್ಟರು.

ಮರುದಿನ ಮಧ್ಯಾಹ್ನ ಜೋಸೆಲೀನ್ ವಿಡಿಯೊ ಕಾಲ್ ಮಾಡಿದಳು. ಅಲ್ಲಿಗೆ ಇನ್ನೂ ಬೆಳಗಿನ ಹೊತ್ತು. ಒಂದರ ಹಿಂದೊಂದು ಹಸಿರು ಗುಡ್ಡ, ಮಂಜು, ಅದರ ನಡುವೆ ನಮ್ಮದೇ ಎನ್ನಬಹುದಾದ ಕೆಮ್ಮಣ್ಣು. ಇಳಿಜಾರಿನಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಜೋಸೆಲೀನಳ ಹೊಸ ಹಿಪ್ಪುನೇರಳೆ ತೋಟಕ್ಕೆ ನೆಲ ಅಗೆಯುತ್ತಿದ್ದರು. ನಡುವೆ ಸೀರೆ ಎತ್ತಿ ಕಟ್ಟಿದ ಅತ್ತೆ. ಎಲ್ಲರ ಗುದ್ದಲಿಯೂ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಬೀಳುತ್ತಿತ್ತು.

ಅಕ್ಷತ ಫೋನಿಗೆ ಮುಖ ಹಚ್ಚಿ ಅಜ್ಜೀ ಎಂದು ಕೂಗಿದಳು. ಅತ್ತೆ ತಿರುಗಲಿಲ್ಲ.

"ಫೋನಿಡವ್ವ ಈಗ, ಸಾಲು ತಪ್ಪುತ್ತೆ" ಅಂದರು.

ಜೋಸೆಲೀನ್ ನಕ್ಕು ಫೋನನ್ನು ಹುಲ್ಲಿನ ಮೇಲಿಟ್ಟು ತಾನೂ ಸಾಲಿಗೆ ಸೇರಿಕೊಂಡಳು. ಈಗ ಪರದೆಯಲ್ಲಿ ಆಕಾಶ ಮಾತ್ರ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಾಲ್ ಕಟ್ ಮಾಡದೆ, ಮಣ್ಣಿಗೆ ಗುದ್ದಲಿ ಬೀಳುವ ಸದ್ದನ್ನು ಕೇಳುತ್ತಾ ಕೂತೆ.