ಒಂಬತ್ತನೇ ಖಾನೆ

ನನ್ನ ತಂಗಿಯ ಮನೆಯಲ್ಲಿ ದುಡ್ಡು ಪರ್ಸಿನಲ್ಲಿರುವುದಿಲ್ಲ, ಬೀರುವಿನಲ್ಲೂ ಇರುವುದಿಲ್ಲ. ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಹಳೆಯ ಮರದ ಗೂಡೊಂದರಲ್ಲಿ ಇರುತ್ತದೆ. ಮೂರು ಸಾಲು, ಸಾಲಿಗೆ ಮೂರು ಖಾನೆ. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಅಲ್ಲಿಗೆ ಕಬ್ಬಿಣದ ಹೊಸ ಗೂಡುಗಳು ಬಂದಾಗ ಮರದವನ್ನು ಸೌದೆಯ ಬೆಲೆಗೆ ಮಾರಿದರು, ಇವಳು ಒಂದನ್ನು ಹೊರಿಸಿಕೊಂಡು ಬಂದಳು. "ಬೇರೆಯವರು ಆಫೀಸಿಂದ ಪೆನ್ನು ತರ್ತಾರೆ, ನೀನು ಆಫೀಸನ್ನೇ ಎತ್ಕೊಂಡು ಬಂದ್ಯಲ್ಲೇ" ಎಂದು ನಾನು ನಕ್ಕಿದ್ದೆ.

ಎಂಟು ಖಾನೆಗಳಿಗೆ ಚೀಟಿ ಅಂಟಿಸಿದಳು: ಬಾಡಿಗೆ, ಹಾಲು, ದಿನಸಿ, ಗ್ಯಾಸು, ಕರೆಂಟು, ಔಷಧಿ, ಬಸ್ಸು, ಸಂಘ. ಸಂಘವೆಂದರೆ ಅವರ ಕಚೇರಿಯ ನೌಕರರ ಸಾಲದ ಸಂಘ. ಒಂಬತ್ತನೆಯದರ ಮೇಲೆ ಕಚೇರಿಯಲ್ಲಿ ಇದ್ದ ಚೀಟಿಯೇ ಉಳಿದಿತ್ತು: "ವಿಳಾಸ ಸಾಲದು". ಎಲ್ಲಿಗೆ ಹೋಗಬೇಕೆಂದು ತಿಳಿಯದ ಕಾಗದಗಳು ಬೀಳುವ ಜಾಗ ಅದು. ಇವಳ ಮನೆಯಲ್ಲಿ ಯಾವ ಲೆಕ್ಕಕ್ಕೂ ಸೇರದ ಪುಡಿಗಾಸು ಅಲ್ಲಿ ಬೀಳುತ್ತಿತ್ತು.

ನಿಯಮ ಒಂದೇ. ಒಂದು ಖಾನೆಯಿಂದ ಇನ್ನೊಂದಕ್ಕೆ ದುಡ್ಡು ತೆಗೆದರೆ, ತೆಗೆದ ಕಡೆ ಒಂದು ಚೀಟಿ ಬರೆದಿಡಬೇಕು. "ಹಾಲಿನಿಂದ ಗ್ಯಾಸಿಗೆ. ಇನ್ನೂರು." ದುಡ್ಡು ವಾಪಸು ಬಂದ ದಿನ ಚೀಟಿ ಹರಿಯಬೇಕು. ನಾನು ಅವಳನ್ನು ಚೀಟಿರಾಣಿ ಎಂದೇ ಕರೆಯುವುದು. ಗಂಡನೂ ಈ ಕಾನೂನಿಗೆ ತಲೆಬಾಗಿದ್ದ. ಅವನು ಮನೆಗಳಿಗೆ ಬಣ್ಣ ಬಳಿಯುವವನು, ತುಂಬಾ ಒಳ್ಳೆಯವನು. ಆ ಒಳ್ಳೆಯತನ ಕಂಡರೆ ನನಗೆ ಒಮ್ಮೊಮ್ಮೆ ಮೈ ಉರಿಯುತ್ತದೆ. ಏನು ಹೇಳಿದರೂ "ಆಯ್ತು" ಅನ್ನುತ್ತಾನೆ. ಹಾಗಾಗಿ ನನ್ನ ಬಾಯಲ್ಲಿ ಅವನು ಆಯ್ತಪ್ಪ.

ಮಗು ಒಂದು ತಿಂಗಳು ಮೊದಲೇ ಹುಟ್ಟಿತು. ಹೆಣ್ಣು, ನನ್ನ ಅಂಗೈಯಿಂದ ಮೊಣಕೈವರೆಗೆ ಇತ್ತು, ಅಷ್ಟೇ. ಹನ್ನೆರಡು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಹದಿಮೂರನೇ ದಿನ ಮಗುವಿನ ಜೊತೆ ಕೈಗೆ ಕೊಟ್ಟ ಬಿಲ್ಲು ಮಗುವಿಗಿಂತ ಭಾರವಾಗಿತ್ತು. ತಂಗಿ ಸಂಘದಲ್ಲಿ ಸಾಲ ಎತ್ತಿದಳು. ಇಬ್ಬರು ಜಾಮೀನು ನಿಂತರು. ಒಬ್ಬಳು ಅವಳ ಪಕ್ಕದಲ್ಲೇ ಕಾಗದ ವಿಂಗಡಿಸುವವಳು, ಶಾಲೆಗೆ ಹೋಗುವ ಎರಡು ಮಕ್ಕಳ ತಾಯಿ. ಇನ್ನೊಬ್ಬರು ಕಾಗದಗಳಿಗೆ ತಾರೀಖಿನ ಮುದ್ರೆ ಒತ್ತುವ ಹಿರಿಯರು, ಎಲ್ಲರೂ ಅವರನ್ನು ಠಸ್ಸೆ ಮಾಮ ಅನ್ನುತ್ತಾರೆ.

ಮನೆಗೆ ಬಂದ ದಿನವೇ ಒಂಬತ್ತನೇ ಖಾನೆಯ "ವಿಳಾಸ ಸಾಲದು" ಕಿತ್ತು "ಮಗು" ಎಂದು ಅಂಟಿಸಿದಳು. ಆ ಸುಸ್ತಿನಲ್ಲೂ ಅವಳಿಗೆ ಅದಕ್ಕೆ ಪುರುಸೊತ್ತಿತ್ತು ನೋಡಿ.

ಹೆರಿಗೆ ರಜೆ ಆರು ತಿಂಗಳು. ಮೊದಲ ಮೂರು ತಿಂಗಳು ಅರ್ಧ ಸಂಬಳ, ಆಮೇಲಿನ ಮೂರಕ್ಕೆ ಏನೂ ಇಲ್ಲ, ಕುರ್ಚಿ ಮಾತ್ರ ಕಾಯ್ದಿರಿಸುತ್ತಾರೆ. ಮಗುವಿಗೆ ಚೀಪುವ ಶಕ್ತಿ ಸಾಲದು, ಎರಡು ಗಂಟೆಗೊಮ್ಮೆ ಎತ್ತಿ ಎದೆಗಿಡಬೇಕು, ಆರು ತಿಂಗಳು ತಾಯಿ ಜೊತೆಗೇ ಇದ್ದರೆ ಒಳ್ಳೆಯದು ಎಂದು ಡಾಕ್ಟರಮ್ಮ ಹೇಳಿದ್ದರು. ತಂಗಿ ಆ ಆರು ತಿಂಗಳನ್ನು ಹಲ್ಲುಕಚ್ಚಿ ಹಿಡಿದುಕೊಂಡಳು. ಬೇರೆ ಯಾವುದನ್ನು ಬಿಟ್ಟರೂ ಅದನ್ನು ಬಿಡುವುದಿಲ್ಲ ಎಂದು.

ಬಿಟ್ಟದ್ದು ಎಷ್ಟೆಂದು ನಾನು ಬಲ್ಲೆ. ಎರಡು ಲೋಟ ಹಾಲು ಒಂದಾಯಿತು, ಅದೂ ಅವಳು ಕುಡಿಯಲಿ ಎಂದು ಆಯ್ತಪ್ಪ ಕರಿ ಚಹಾ ಕುಡಿಯತೊಡಗಿದ. ಹಜಾರದ ಬಲ್ಬು ಬಿಚ್ಚಿಟ್ಟರು. ಸ್ನಾನದ ಸೋಪು ಎರಡು ಹೋಳಾಯಿತು. ನನ್ನ ಹೊಲಿಗೆ ಅಂಗಡಿಯಲ್ಲಿ ಉಳಿದ ಹತ್ತಿಬಟ್ಟೆಯ ತುಂಡುಗಳೆಲ್ಲ ಮಗುವಿನ ಲಂಗೋಟಿಯಾದವು. ಒಗೆದು ಒಗೆದು ಅವಳ ಬೆರಳ ಸಂದಿ ಬಿರಿಯಿತು. ಮಳೆ ಹಿಡಿದುಕೊಂಡು ಬಣ್ಣದ ಕೆಲಸ ನಿಂತುಹೋಯಿತು, ಆಯ್ತಪ್ಪ ಕುಂಚಗಳನ್ನು ತೊಳೆದದ್ದೇ ತೊಳೆದದ್ದು. ಸಂಘದ ಕಂತು ಮಾತ್ರ ಅರ್ಧ ಸಂಬಳದಲ್ಲಿ ಮೊದಲೇ ಮುರಿದುಕೊಂಡು ಬರುತ್ತಿತ್ತು. ಉಳಿದದ್ದನ್ನು ಅವಳು ಖಾನೆಗಳಿಗೆ ಹಂಚುವಾಗ ನೋಡಲಾಗುತ್ತಿರಲಿಲ್ಲ. ನಾನು ಒಂದು ಸಲ ಕೈಚೀಲದಿಂದ ಐನೂರು ತೆಗೆದೆ. "ಅಕ್ಕಾ, ಇಲ್ಲಿ ನಿನ್ನ ಖಾನೆ ಇಲ್ಲ. ನಿನ್ನ ಹೊಸ ಮಿಷನ್ನಿನ ಕಂತು ಯಾರು ಕಟ್ತಾರೆ?" ಅಂದಳು. ಎಲ್ಲಾ ಗೊತ್ತು ಮಹಾರಾಯಿತಿಗೆ.

ಮಗು ಮನೆಗೆ ಬಂದ ಹತ್ತನೇ ವಾರಕ್ಕೆ ಗೂಡಿನಲ್ಲಿ ನೋಟಿಗಿಂತ ಚೀಟಿಯೇ ಹೆಚ್ಚಾಗಿತ್ತು. ದಿನಸಿಯಿಂದ ಔಷಧಿಗೆ, ಬಸ್ಸಿನಿಂದ ಹಾಲಿಗೆ, ಬಾಡಿಗೆಯಿಂದ ದಿನಸಿಗೆ. ಅವಳು ಗೂಡಿನ ಮುಂದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿರುತ್ತಿದ್ದಳು, ಕಣ್ಣು ತೆರೆದಿದ್ದರೂ ನಿದ್ದೆ ಮಾಡುತ್ತಿದ್ದಾಳೆ ಅನಿಸುತ್ತಿತ್ತು.

ಹನ್ನೊಂದನೇ ವಾರ ಒಂದು ಮಧ್ಯಾಹ್ನ ನಾನು ಹೋದಾಗ ಹಾಗೆಯೇ ನಿಂತಿದ್ದಳು. ಸ್ವಲ್ಪ ನಗಲಿ ಎಂದು ಅಂದೆ, "ಸಂಘದ ಖಾನೆಗೂ ಒಂದ್ಸಲ ಕೈ ಹಾಕೇ. ಎಲ್ಲಾದ್ರೂ ದುಡ್ಡು ಮರೆತಿದ್ರೂ ಮರೆತಿರ್ತೀಯ."

"ಅದ್ರಲ್ಲಿ ಏನಿರತ್ತೆ? ಕಂತು ಅವರೇ ಮುರ್ಕೋತಾರೆ. ನಾನು ಆ ಕಡೆ ನೋಡೋದೇ ಇಲ್ಲ" ಎಂದು ಕೈ ಹಾಕಿದಳು. ಕೈಗೆ ಬಂದದ್ದು ಒಂದು ಲಕೋಟೆ. ಒಡೆದಿರಲಿಲ್ಲ.

ಆದದ್ದು ಇಷ್ಟು. ಮಗು ಬಂದ ಮೇಲೆ ಅವಳ ಕೈಗೆ ಕೊಟ್ಟದ್ದೆಲ್ಲ ಕಳೆದುಹೋಗುತ್ತಿತ್ತು. "ಬಂದ ಕಾಗದ ನನ್ನ ಕೈಗೆ ಕೊಡ್ಬೇಡಿ, ಯಾರದ್ದೋ ಅವರ ಖಾನೆಗೆ ಹಾಕಿ" ಎಂದು ಗಂಡನಿಗೆ ಅವಳೇ ಹೇಳಿದ್ದಳು. ಅವನು ಆಯ್ತು ಅಂದಿದ್ದ. ಸಂಘದಿಂದ ಲಕೋಟೆ ಬಂತು, ಸಂಘದ ಖಾನೆಗೆ ಹಾಕಿದ. ಬೇರೆ ಯಾವ ಮನೆಯಲ್ಲಾದರೂ ಅದು ಊಟದ ಮೇಜಿನ ಮೇಲೆ ಬಿದ್ದಿರುತ್ತಿತ್ತು, ಯಾರಾದರೂ ಒಡೆಯುತ್ತಿದ್ದರು. ಇವರ ಮನೆಯಲ್ಲಿ ಎಲ್ಲವೂ ಶಿಸ್ತು. ಇಪ್ಪತ್ತಾರು ದಿನ ಆ ಲಕೋಟೆ ಸರಿಯಾದ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

ಆ ವರ್ಷವೇ ಮಾಡಿದ ಹೊಸ ನಿಯಮವಂತೆ. ಹೆರಿಗೆ ರಜೆಯಲ್ಲಿರುವವರು ಬೇಕಾದರೆ ರಜೆ ಮುಗಿಯುವವರೆಗೆ ಕಂತು ನಿಲ್ಲಿಸಿಕೊಳ್ಳಬಹುದು. ಅರ್ಜಿಯನ್ನು ಅಂಚೆಯಲ್ಲೇ ಕಳಿಸಬೇಕು, ಲಕೋಟೆಯ ಮೇಲೆ ಹದಿನಾಲ್ಕನೇ ತಾರೀಖಿನೊಳಗಿನ ಠಸ್ಸೆ ಇರಬೇಕು. ಅಂದು ಹದಿನೆಂಟು.

ಅವಳು ಅದನ್ನು ಎರಡು ಸಲ ಓದಿ ನೆಲದ ಮೇಲೆ ಕೂತಳು. ಸಂಬಳವಿಲ್ಲದ ಮೂರು ತಿಂಗಳ ಕಂತನ್ನು ಗಂಡನ ದುಡಿಮೆಯಲ್ಲಿ ಕಟ್ಟಬಹುದು ಎಂದುಕೊಂಡಿದ್ದಳು, ಮಳೆಗೆ ಅದೂ ನಿಂತಿತ್ತು, ಇನ್ನು ಎಲ್ಲಿಂದ ಬರಬೇಕು? ಕಟ್ಟದಿದ್ದರೆ ಜಾಮೀನು ನಿಂತವರ ಸಂಬಳದಿಂದ ಮುರಿಯುತ್ತಾರೆ. ಅಂದರೆ ಅರ್ಧ ಸಂಬಳ ನಿಲ್ಲುವ ಮುಂದಿನ ವಾರವೇ ಅವಳು ಕೆಲಸಕ್ಕೆ ಹೋಗಬೇಕು, ಮಗುವನ್ನು ಬಿಟ್ಟು.

ಸಂಘದ ಕಾರ್ಯದರ್ಶಿಗೆ ನಾನೇ ಫೋನ್ ಮಾಡಿಸಿದೆ. ಆತ ಕೆಟ್ಟವನಲ್ಲ, ನಯವಾಗಿಯೇ ಹೇಳಿದ. "ನಿಯಮ ಬರೆದವನು ನಾನಲ್ಲಮ್ಮ. ಠಸ್ಸೆ ಸರಿಯಿದ್ರೆ ಕಣ್ಣುಮುಚ್ಚಿ ಸಹಿ ಹಾಕ್ತೀನಿ."

ನನ್ನ ತಲೆ ಓಡಿದ್ದು ಆಗಲೇ. ಠಸ್ಸೆ ಯಾರ ಕೈಯಲ್ಲಿದೆ? "ಎದ್ದೇಳೇ, ಅರ್ಜಿ ಬರಿ. ಮಾಮನ ಹತ್ರ ಹೋಗೋಣ" ಅಂದೆ. ಅವಳು ನನ್ನ ಮುಖ ನೋಡಿದಳು, ಬೇಡ ಅನ್ನಲಿಲ್ಲ. ಅರ್ಜಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿದಳು. ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಡೆದೇ ಹೋದೆವು, ಬಸ್ಸಿನ ಖಾನೆ ಖಾಲಿಯಿತ್ತಲ್ಲ.

ವಿಂಗಡಣೆಯ ಕೋಣೆಯಲ್ಲಿ ಮಧ್ಯಾಹ್ನದ ಚೀಲಗಳು ಇನ್ನೂ ಬಂದಿರಲಿಲ್ಲ. ಗೋಣಿಯ ಧೂಳು, ಅಂಟಿನ ವಾಸನೆ. ಠಸ್ಸೆ ಮಾಮ ಮೂಲೆಯ ಮೇಜಿನಲ್ಲಿ ಒಬ್ಬರೇ ಕೂತಿದ್ದರು. ಬೆಳಿಗ್ಗೆ ಬಂದು ಠಸ್ಸೆಯೊಳಗಿನ ಅಂಕಿಯ ಅಚ್ಚುಗಳನ್ನು ಬದಲಿಸಿ, ಮೊದಲ ಮುದ್ರೆಯನ್ನು ಒಂದು ಪುಸ್ತಕದಲ್ಲಿ ಒತ್ತಿ ಸಹಿ ಹಾಕುವುದು, ಆಮೇಲೆ ಇಡೀ ದಿನ ಬಡಿಯುವುದು, ಇದು ಅವರ ನಲವತ್ತು ವರ್ಷದ ಬದುಕು. ತಂಗಿ ಸಂಘದ ಕಾಗದವನ್ನೂ ತನ್ನ ಲಕೋಟೆಯನ್ನೂ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು. ಮಗುವಿನ ಮುಖದಿಂದ ಬಟ್ಟೆ ಸರಿಸಿ ಒಂದು ಗಳಿಗೆ ನೋಡಿದರು. ಆಮೇಲೆ ಚಿಮುಟ ತೆಗೆದುಕೊಂಡು ಠಸ್ಸೆಯಿಂದ ಎಂಟನ್ನು ಕಿತ್ತು ನಾಲ್ಕನ್ನು ಕೂರಿಸಿದರು.

"ಒಂದು ಅಂಕಿ ತಾನೇ, ಮಗಳೇ. ಇಷ್ಟು ವರ್ಷ ದಿನಾ ಮುಂದಕ್ಕೇ ತಿರುಗಿಸಿದ್ದೀನಿ. ಒಂದ್ಸಲ ಹಿಂದಕ್ಕೆ ಹೋದ್ರೆ ಪ್ರಪಂಚ ಮುಳುಗಲ್ಲ."

ಹೊಡೀರಿ ಮಾಮ, ಬೇಗ ಹೊಡೀರಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವರು ಠಸ್ಸೆ ಎತ್ತಿದರು. ತಂಗಿ ಲಕೋಟೆಯ ಮೇಲೆ ಅಂಗೈ ಇಟ್ಟುಬಿಟ್ಟಳು.

"ಮಾಮ, ನಿಮ್ಮ ಪೆನ್ಶನ್ನಿಗೆ ಇನ್ನು ಏಳು ತಿಂಗಳಿದೆ."

"ನಂಗೆ ಗೊತ್ತಿಲ್ವಾ? ಕೈ ತೆಗಿ."

"ಹೆಚ್ಚುಕಮ್ಮಿ ಆದ್ರೆ ಅದು ಹೋಗತ್ತೆ. ಅದು ನಿಮ್ಮ ಖಾನೆ ಮಾಮ. ಅದ್ರಿಂದ ತೆಗೆದ್ರೆ ನಾನು ಎಲ್ಲಿಂದ ತಂದು ತುಂಬಿಸ್ಲಿ?"

ಅವರು ಎತ್ತಿದ ಠಸ್ಸೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ನಾಲ್ಕನ್ನು ಕಿತ್ತು ಎಂಟನ್ನು ವಾಪಸು ಹಾಕಿದರು. ಬೆರಳಿಗೆ ಮಸಿ ಹತ್ತಿತ್ತು, ಒರೆಸಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿದರು.

ದಾರಿಯುದ್ದಕ್ಕೂ ನಾನು ಬೈದೆ. ನ್ಯಾಯ ನೀತಿ ಎಲ್ಲಾ ನಿನ್ನೊಬ್ಬಳ ತಲೆ ಮೇಲೇ ಬಿದ್ದಿದೆಯಾ, ಯಾರು ಆ ಪುಸ್ತಕ ತೆಗೆದು ನೋಡುತ್ತಿದ್ದರು, ಈ ಮಗುವಿನ ಮುಖವಾದರೂ ಕಾಣಲಿಲ್ಲವಾ ಎಂದು. ಅವಳು ನಿಂತು, "ಅಕ್ಕಾ, ಬೈಯೋದಾದ್ರೆ ಮನೆಗೆ ಹೋಗಿ ಬೈ. ಮಗು ಎದ್ದುಬಿಡತ್ತೆ" ಅಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿಗೂ ತ್ರಾಣ ಬೇಕು.

ಮನೆಯಲ್ಲಿ ಆಯ್ತಪ್ಪ ಬಾಗಿಲಲ್ಲೇ ಕೂತಿದ್ದ. "ನಾನೇ ಹಾಕಿದ್ದು ಅದನ್ನ" ಅಂದ. "ನಾನೇ ಹೇಳಿದ್ದು" ಅಂದಳು ಇವಳು. ಅಷ್ಟಕ್ಕೇ ಅವರ ಜಗಳ ಮುಗಿಯಿತು. "ಸೋಮವಾರದಿಂದ ಹೋಗ್ತೀನಿ" ಅಂದಾಗ ಅವನು ಮೊದಲ ಸಲ ಆಯ್ತು ಅನ್ನಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡ. ಅಂದು ನೀರಿನ ಲೆಕ್ಕ ಯಾರೂ ಕೇಳಲಿಲ್ಲ.

ಅವಳು ಮಗುವಿಗೆ ಹಾಲು ಕುಡಿಸಿ, ಒಂದು ತುಂಡು ಕಾಗದದಲ್ಲಿ ಏನೋ ಬರೆದು ಒಂಬತ್ತನೇ ಖಾನೆಗೆ ಹಾಕಿದಳು. ಅವಳು ಆ ಕಡೆ ಹೋದ ಮೇಲೆ ನಾನು ತೆಗೆದು ನೋಡಿದೆ. ಉಳಿದ ಚೀಟಿಗಳ ಹಾಗೆಯೇ ಬರೆದಿದ್ದಳು: "ಮಗುವಿನಿಂದ ಸಂಘಕ್ಕೆ. ಮೂರು ತಿಂಗಳು."

ನನಗೆ ಅಳು ತಡೆಯಲಾಗಲಿಲ್ಲ. ಹೋಗುವುದಾಗಿ ಹೇಳದೆ ಎದ್ದು ಬಂದೆ.

ಸೋಮವಾರದಿಂದ ಮಗು ನನ್ನ ಅಂಗಡಿಗೆ ಬಂತು. ಬೆಳಿಗ್ಗೆ ಆರರಿಂದ ಎರಡೂವರೆಯವರೆಗೆ, ಬಟ್ಟೆಯ ಬುಟ್ಟಿಯಲ್ಲಿ, ಮಿಷನ್ನಿನ ಸದ್ದಿಗೆ ನಿದ್ದೆ. ಮಿಷನ್ ನಿಂತರೆ ಎಚ್ಚರ. ತಂಗಿ ಹಿಂಡಿಟ್ಟ ಹಾಲನ್ನು ನಾನು ಚಮಚದಲ್ಲಿ ಹಾಕುತ್ತಿದ್ದೆ, ಅರ್ಧ ಒಳಗೆ, ಅರ್ಧ ಕತ್ತಿಗೆ. ಅಲ್ಲಿ ಅವಳು ಕಾಗದ ವಿಂಗಡಿಸುತ್ತ ನಿಂತಾಗ ಹೊತ್ತಿಗೆ ಸರಿಯಾಗಿ ಎದೆ ಸೋರುತ್ತಿತ್ತಂತೆ. ಸಮವಸ್ತ್ರದ ಅಂಗಿಯ ಒಳಗೆ ನಾನು ಎರಡು ಮಡಿಕೆ ದಪ್ಪ ಬಟ್ಟೆ ಹೊಲಿದುಕೊಟ್ಟೆ. ಅದೂ ಸಾಲದೆ ಅವಳು ಎದೆಗೆ ಕಾಗದದ ಕಟ್ಟು ಅವುಚಿಕೊಂಡು ಓಡಾಡುತ್ತಿದ್ದಳು. ಪಕ್ಕದವಳು ಅವಳ ಪಾಲಿನ ಒಂದು ಚೀಲವನ್ನು ಸದ್ದಿಲ್ಲದೆ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಎರಡೂವರೆಗೆ ಅಂಗಡಿಯ ಮೆಟ್ಟಿಲು ಹತ್ತುವ ಹೊತ್ತಿಗೆ ತಂಗಿಯ ಕೈ ಆಗಲೇ ಅಂಗಿಯ ಗುಂಡಿಯ ಮೇಲಿರುತ್ತಿತ್ತು. ಕೂತು, ಮಗುವನ್ನು ಎದೆಗಿಟ್ಟುಕೊಂಡು, ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು. ನಾನು ಮಿಷನ್ ನಿಲ್ಲಿಸದೆ ತುಳಿಯುತ್ತಿದ್ದೆ, ಬಟ್ಟೆ ಇಲ್ಲದಿದ್ದರೂ.

ಮಗು ಉಳಿಯಿತು, ಬೆಳೆಯಿತು. ಠಸ್ಸೆ ಮಾಮ ಪೆನ್ಶನ್ ಪಡೆದು ಮನೆಗೆ ಹೋದರು. ಸಂಘದ ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಹಾಲಿನದು, ಗ್ಯಾಸಿನದು, ಬಾಡಿಗೆಯದು, ಒಂದೊಂದೇ ಚೀಟಿ ಹರಿದುಹೋಯಿತು. ಒಂಬತ್ತನೇ ಖಾನೆಯದನ್ನು ಮಾತ್ರ ಅವಳು ಹರಿಯಲಿಲ್ಲ. ನಾನೂ ಆ ಮಾತೆತ್ತಲಿಲ್ಲ.

ಮಗಳಿಗೆ ಈಗ ಎಂಟು ವರ್ಷ. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಹುಚ್ಚು. ಮೊನ್ನೆ ಸ್ಟೂಲು ಹತ್ತಿ ತನ್ನ ಹೆಸರಿನ ಖಾನೆಗೆ ಕೈ ಹಾಕಿ ಆ ಚೀಟಿ ತೆಗೆದಳು. ಗೂಡಿನ ಕಾನೂನು ಅವಳಿಗೆ ಬಾಯಿಪಾಠ.

"ಅಮ್ಮಾ, ನನ್ನಿಂದ ಮೂರು ತಿಂಗಳು ತಗೊಂಡಿದ್ದೀಯಾ? ಯಾವಾಗ ವಾಪಸ್ ಕೊಡ್ತೀಯ?"

ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದ ತಂಗಿ ಗೋಡೆ ಹಿಡಿದುಕೊಂಡಳು. "ರಿಟೈರ್ ಆದ್ಮೇಲೆ ಕೊಡ್ತೀನಿ ಕಣೇ. ಬಡ್ಡಿ ಸಮೇತ."

ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಅಷ್ಟೊತ್ತಿಗೆ ನಾನು ಕೆಲಸಕ್ಕೆ ಹೋಗ್ತಿರ್ತೀನಲ್ಲಮ್ಮಾ. ನಂಗೆ ರಜಾ ಯಾರು ಕೊಡ್ತಾರೆ?"

ತಂಗಿ ಮಗಳ ಕೈಯಿಂದ ಚೀಟಿ ತೆಗೆದುಕೊಂಡು, ಹಳೆಯ ಮಡಿಕೆಯಲ್ಲೇ ಮಡಚಿ, ಅದೇ ಖಾನೆಯಲ್ಲಿ ಇಟ್ಟಳು.